ಹೊಸ ಅಲಾಯ್‌ಗೆ ಹಳೆ ನಟ್ ಸಾಕಾ?

ಪ್ರಶ್ನೆ: ನನ್ನದು 2012ರ ಹೋಂಡಾ ಸಿಟಿ. ಹೋದ ತಿಂಗಳು ಹೊರಗಡೆ 16 ಇಂಚಿನ ಅಲಾಯ್ (ಅಲ್ಯೂಮಿನಿಯಂ ಚಕ್ರ) ಹಾಕಿಸಿದೆ. ಅಂಗಡಿಯವರು ಗಾಡಿಯ ಹಳೆ ನಟ್‌ಗಳನ್ನೇ ಬಿಗಿದು ಕಳಿಸಿದರು. ಈಗ 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ನಿನ್ನೆ ನೋಡಿದರೆ ಎರಡು ನಟ್ ಸಡಿಲ! ಉದ್ದದ ಸ್ಟಡ್ (ನಟ್ ಕೂರುವ ಬೋಲ್ಟ್) ಹಾಕಿಸು ಅಂತ ಗೆಳೆಯ ಹೇಳುತ್ತಾನೆ. ಹಾಕಿಸಲಾ?
– ಒಬ್ಬ ಓದುಗ, ಹಾಸನ

ಉತ್ತರ: ಸ್ಟಡ್ ಮಾತು ಆಮೇಲೆ. ಮೊದಲು ಆ ಚಕ್ರಗಳನ್ನು ಬಿಚ್ಚಿ. ಹಳೆಯವು ಮನೆಯಲ್ಲಿದ್ದರೆ ಸದ್ಯಕ್ಕೆ ಅವನ್ನೇ ಹಾಕಿಕೊಂಡು ಓಡಾಡಿ.

ನನಗೆ ಅನುಮಾನ ನಟ್ ಮೇಲೆಯೇ. ಹೋಂಡಾ ನಟ್‌ನ ಬುಡ ಗೋಲಿಯ ಹಾಗೆ ದುಂಡಗಿರುತ್ತದೆ, ಹೊರಗೆ ಸಿಗುವ ಅಲಾಯ್‌ಗಳ ನಟ್ ಕೂರುವ ತೂತು ಮಾತ್ರ ಬಹುತೇಕ 60 ಡಿಗ್ರಿ ಕೋನ್, ಅಂದರೆ ಆಲಿಕೆ ಥರ. ಆಲಿಕೆಯೊಳಗೆ ಗೋಲಿ ಇಟ್ಟರೆ ಎಷ್ಟು ತಾಗುತ್ತದೆ? ಸುತ್ತ ಒಂದು ಸಣ್ಣ ಗೆರೆ, ಅಷ್ಟೇ. ಬಿಗಿಯುವಾಗ ಟೈಟ್ ಅನಿಸುತ್ತದೆ, ಆದರೆ ಅಲ್ಯೂಮಿನಿಯಂ ಮೆತ್ತಗಿನ ಲೋಹ ಅಲ್ವಾ, ಓಡುತ್ತಾ ಓಡುತ್ತಾ ಆ ಗೆರೆ ತಗ್ಗಾಗಿ ಬಿಗಿ ಬಿಟ್ಟುಹೋಗುತ್ತದೆ. ತೂತಿನ ಅಂಚು ಈಗಾಗಲೇ ತಿಂದುಹೋಗಿದ್ದರೆ ಆ ಚಕ್ರದ ಆಸೆ ಬಿಡಿ.

ಅಂಗಡಿಯಲ್ಲಿ ಹೀಗೆ ಕೇಳಿ: ಎಂ12, ಪಿಚ್ 1.5, 60 ಡಿಗ್ರಿ ಕೋನ್. ಎಂ12 ಅಂದರೆ ಸ್ಟಡ್ ದಪ್ಪ 12 ಮಿ.ಮೀ., ಪಿಚ್ ಅಂದರೆ ಒಂದು ಸುತ್ತಿಗೆ ನಟ್ ಸಾಗುವ ದೂರ, ಇಲ್ಲಿ 1.5 ಮಿ.ಮೀ. ಸುಮ್ನೆ 'ಹೋಂಡಾ ನಟ್ ಕೊಡಿ' ಅಂದರೆ ಮತ್ತೆ ಅದೇ ಗೋಲಿ ಬರುತ್ತದೆ. ತೂತು ಇಕ್ಕಟ್ಟಾಗಿ ನಟ್ ತಿರುಗಿಸುವ ಸಾಕೆಟ್ ಒಳಗೆ ಹೋಗದಿದ್ದರೆ ಕೀ ಜತೆ ಬರುವ ತೆಳ್ಳಗಿನ ನಟ್ ತಗೊಳ್ಳಿ. ಆ ಕೀ ಗಾಡಿಯಲ್ಲೇ ಇರಲಿ, ಪಂಕ್ಚರ್ ಆದ ದಿನ ಮನೆಯ ಡ್ರಾಯರ್‌ನಲ್ಲಿದ್ದರೆ ಏನು ಪ್ರಯೋಜನ!

ನಡುಕಕ್ಕೆ ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಗಾಡಿಯ ಹಬ್, ಅಂದರೆ ಚಕ್ರದ ನಡುವಿನ ತೂತು ಕೂರುವ ಉಬ್ಬು, 56.1 ಮಿ.ಮೀ. ಅಗಲ. ಹೊರಗಿನ ಅಲಾಯ್‌ಗಳ ನಡುವಿನ ತೂತು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಆ ಸಂದಿಗೆ ಹಬ್ ರಿಂಗ್ ಬೇಕು. ಹಾಕಿದ್ದಾರಾ ನೋಡಿ.

ಈಗ ಸ್ಟಡ್. ಹೊಸ ನಟ್ ಕೈಯಲ್ಲಿ ತಿರುಗಿಸುತ್ತಾ ಸುತ್ತು ಎಣಿಸಿ. 8 ಪೂರ್ತಿ ಸುತ್ತು ಹಿಡಿದರೆ 12 ಮಿ.ಮೀ. ಥ್ರೆಡ್ ಸಿಕ್ಕಿತು, ಉದ್ದದ ಸ್ಟಡ್ ಬೇಕಿಲ್ಲ. ಚಕ್ರದ ಹಿಂದೆ 5 ಮಿ.ಮೀ. ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ತೂರಿಸಿದ್ದರೆ ಮೂರು ಸುತ್ತಿಗಿಂತ ಜಾಸ್ತಿ ಅದೇ ನುಂಗಿರುತ್ತದೆ, ಆಗ ಗೆಳೆಯನ ಮಾತು ಸರಿ. ಆದರೆ ಸ್ಟಡ್‌ನ ಬುಡದಲ್ಲಿ ಹಬ್ ಒಳಗೆ ಕಚ್ಚಿ ಕೂರುವ ಹಲ್ಲು ಹಲ್ಲಾದ ಭಾಗದ ದಪ್ಪ ಹಳೆಯದಕ್ಕೆ ಸರಿಯಾಗಿ ಹೊಂದಬೇಕು. ಅದನ್ನು ಪ್ರೆಸ್‌ನಲ್ಲಿ ಕೂರಿಸಬೇಕು, ಸುತ್ತಿಗೆ ಬೇಡವೇ ಬೇಡ.

ನಟ್ ಬಿಗಿಯುವುದು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ, 108 ನ್ಯೂಟನ್ ಮೀಟರ್, ಎದುರುಬದುರಾಗಿ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. 80-100 ಕಿ.ಮೀ. ಓಡಿಸಿ ಮತ್ತೊಮ್ಮೆ ಚೆಕ್ ಮಾಡಿ.

ಪ್ರಶ್ನೆ: ಟೊಯೋಟಾದಿಂದ ಬಿಚ್ಚಿದ ಒಳ್ಳೆ ನಟ್‌ಗಳಿವೆ. ನನ್ನ ಸ್ವಿಫ್ಟ್‌ಗೆ ಎರಡು ಸುತ್ತು ಹೋಗಿ ನಿಲ್ಲುತ್ತವೆ. ಗನ್ (ನಟ್ ಬಿಗಿಯುವ ಯಂತ್ರ) ಇಟ್ಟು ಬಿಗಿಯಲಾ?
– ಒಬ್ಬ ಓದುಗ, ಶಿರಸಿ

ಉತ್ತರ: ಬೇಡ ಮಾರಾಯ್ರೇ! ಎರಡೂ ಎಂ12 ಹೌದು, ಆದರೆ ಟೊಯೋಟಾ ಪಿಚ್ 1.5, ಮಾರುತಿಯದು 1.25. ಗನ್ ಇಟ್ಟರೆ ನಟ್ ಹೋಗುತ್ತದೆ, ಸ್ಟಡ್‌ನ ಥ್ರೆಡ್ಡೂ ಜತೆಗೇ ಹೋಗುತ್ತದೆ. ಈಗಾಗಲೇ ಯಾವುದಕ್ಕಾದರೂ ಹಾಗೆ ಮಾಡಿದ್ದರೆ ಆ ಸ್ಟಡ್ ಬದಲಿಸಿ.