ಉತ್ತರ: ಕಾರಿನ ಟಾಪ್ ಮೇಲೆ 5.9 ಗಿಗಾಹರ್ಟ್ಸ್ ಮೆಟಾಸರ್ಫೇಸ್ ಅರೇ

ಸರ್, ಎಫ್‌ಆರ್4 (ಮಾಮೂಲಿ ಫೈಬರ್‌ಗ್ಲಾಸ್ ಸರ್ಕ್ಯೂಟ್) ಬೋರ್ಡಲ್ಲಿ 4×4 ಮೆಟಾಸರ್ಫೇಸ್ ಅರೇ (ಒಂದೇ ಥರದ ಸಣ್ಣ ತಾಮ್ರದ ತುಂಡುಗಳ ಸಾಲು ಸೇರಿಸಿದ ಆಂಟೆನಾ ಗುಂಪು) ಮಾಡಿ ಕಾರಿನ ಟಾಪ್ ಮೇಲೆ ಮಲಗಿಸ್ತೀನಿ, ಗಾಡಿಯಿಂದ ಗಾಡಿಗೆ ಲಿಂಕ್ ಮಾಡ್ಬೇಕು, ಸಿಮ್ಯುಲೇಶನ್ನಲ್ಲಿ 14 ಡಿಬಿಐ (ಒಂದು ದಿಕ್ಕಿಗೆ ಸಿಗ್ನಲ್ ಎಷ್ಟು ಜೋರಾಗತ್ತೆ ಅನ್ನೋ ಅಳತೆ) ಬಂತು, ಬೋರ್ಡ್ ಆರ್ಡರ್ ಮಾಡ್ಲಾ ಅಂತ ಕೇಳಿದೀರ. ಈಗ್ಲೇ ಬೇಡ. ಆ 14 ಡಿಬಿಐ ಪೂರ್ತಿ ನೆಟ್ಟಗೆ ಆಕಾಶಕ್ಕೆ ಹೋಗ್ತಿದೆ, ಮುಂದಿನ ಗಾಡಿ ಇರೋದು ರಸ್ತೆ ಮೇಲೆ! ಯಾವ ದಿಕ್ಕಿಗೆ ಎಷ್ಟು ಹೋಗತ್ತೆ ಅಂತ ತೋರ್ಸೋ ಪ್ಯಾಟರ್ನ್ ಪ್ಲಾಟಲ್ಲಿ ಥೀಟಾ 90 ಡಿಗ್ರಿ (ಅಂದ್ರೆ ರಸ್ತೆಗೆ ಸಮಾಂತರ) ಹತ್ರ ಎಷ್ಟಿದೆ ನೋಡಿ, ಅಲ್ಲಿ 12.7 ಎಂಎಂ ಉದ್ದದ ಒಂದು ತುಂಡು ತಂತಿ, ಅಂದ್ರೆ ಕ್ವಾರ್ಟರ್ ವೇವ್ ಮಾನೋಪೋಲ್ (ತರಂಗದ ಉದ್ದದ ಕಾಲು ಭಾಗದ, ನೆಟ್ಟಗೆ ನಿಂತ ಆಂಟೆನಾ), ನಿಮ್ ಅರೇನ ಆರಾಮಾಗಿ ಸೋಲಿಸತ್ತೆ.

ಅರೇನೇ ಬೇಕು ಅಂದ್ರೆ ಬೋರ್ಡನ್ನ ನಿಲ್ಲಿಸಿ, ವಿಂಡ್‌ಶೀಲ್ಡ್ ಒಳಗಡೆ ಮಿರರ್ ಹತ್ರ (ಗ್ಲಾಸಿಗೆ ಮೆಟಲ್ ಕೋಟಿಂಗ್ ಇದ್ರೆ ಆಗಲ್ಲ, ಮೊದ್ಲೇ ಚೆಕ್ ಮಾಡ್ಕೊಳ್ಳಿ). ಆಗ್ಲೂ 4×4 ಬೇಡ, ಬೀಮ್ ಅಗಲ 25 ಡಿಗ್ರಿ ಆಸುಪಾಸು ಬರತ್ತೆ, ರಸ್ತೆ ತಿರುಗಿದ್ರೆ ಎದುರು ಗಾಡಿ ಬೀಮಿಂದ ಆಚೆ. ಒಂದರ ಮೇಲೊಂದು ನಾಲ್ಕು ಪ್ಯಾಚ್ (ಬೋರ್ಡ್ ಮೇಲಿನ ಚಪ್ಪಟೆ ತಾಮ್ರದ ಆಂಟೆನಾ), 25 ಎಂಎಂ ಅಂತರ, ಒಂದೇ ಕಾಲಮ್ ಸಾಕು, ಅಡ್ಡಕ್ಕೆ ಅಗಲ ಬೀಮ್, ಮೇಲೆ ಕೆಳಗೆ ಸಣ್ಣ ಬೀಮ್. 1.6 ಎಂಎಂ ಎಫ್‌ಆರ್4ಗೆ ಪ್ಯಾಚ್ ಸುಮಾರು 15.5 × 11.5 ಎಂಎಂ, ಆ 11.5ರ ಸೈಡ್ ಲಂಬವಾಗಿರ್ಲಿ, ವರ್ಟಿಕಲ್ ಪೋಲರೈಸೇಶನ್ (ತರಂಗದ ವಿದ್ಯುತ್ ಕ್ಷೇತ್ರ ಮೇಲೆ ಕೆಳಗೆ ಆಡೋದು) ಬೇಕಲ್ಲ.

ಮೆಟಾಸರ್ಫೇಸ್ ಬ್ಯಾಂಡ್‌ವಿಡ್ತಿಗೆ (ಆಂಟೆನಾ ಕೆಲ್ಸ ಮಾಡೋ ಫ್ರೀಕ್ವೆನ್ಸಿ ಹರವಿಗೆ) ಅಂತೀರಾ? ಅಮೆರಿಕದಲ್ಲಿ 1999ರಲ್ಲಿ ಗಾಡಿಗಳಿಗೆ ಅಂತ ಕೊಟ್ಟ ಪೂರ್ತಿ ಬ್ಯಾಂಡೇ 5.850ರಿಂದ 5.925 ಗಿಗಾಹರ್ಟ್ಸ್, ಅಂದ್ರೆ 75 ಮೆಗಾಹರ್ಟ್ಸ್, ಸಾದಾ ಪ್ಯಾಚೇ ಅಷ್ಟು ಕೊಡತ್ತೆ. ಮೆಟಾಸರ್ಫೇಸ್ ನಿಜವಾಗಿ ಕೆಲ್ಸಕ್ಕೆ ಬರೋದು ಡೈವರ್ಸಿಟಿಗೆ (ಒಂದ್ರಲ್ಲಿ ಸಿಗ್ನಲ್ ಕುಗ್ಗಿದ್ರೆ ಇನ್ನೊಂದ್ರಲ್ಲಿ ಹಿಡಿಯೋಕೆ) ಎರಡು ಕಾಲಮ್ ಪಕ್ಕಪಕ್ಕ ಇಟ್ಟಾಗ. 50 ಎಂಎಂ ದೂರ ಇಟ್ಟು ಮಧ್ಯದಲ್ಲಿ ಮಶ್ರೂಮ್ ಸೆಲ್‌ಗಳ (ಅಣಬೆ ಥರ, ಮೇಲೆ ತಾಮ್ರದ ಚೌಕ, ಕೆಳಗೆ ಕಾಂಡ) ಮೂರು ಸಾಲು ಹಾಕಿ, ಸಬ್‌ಸ್ಟ್ರೇಟ್ (ತಾಮ್ರದ ನಡುವಿನ ಬೋರ್ಡ್ ಪದರ) ಒಳಗೆ ಹರಿಯೋ ಸರ್ಫೇಸ್ ವೇವ್‌ನ ಅದು ತಡೆಯತ್ತೆ. ಸ್ಥೂಲ ಲೆಕ್ಕಕ್ಕೆ 7 ಎಂಎಂ ಚೌಕ, 0.5 ಎಂಎಂ ಗ್ಯಾಪ್, ನಡುವೆ ಗ್ರೌಂಡಿಗೆ ಒಂದು ವಯಾ (ಬೋರ್ಡ್ ತೂರಿ ಹೋಗೋ ತಾಮ್ರದ ತೂತು). ಇಲ್ಲಿ ಮಾತ್ರ ಹುಷಾರು: ಗ್ಯಾಪ್ 0.5 ಹೋಗಿ 0.6 ಆದ್ರೆ ಕೆಪ್ಯಾಸಿಟನ್ಸ್ ಶೇ. 5 ಇಳ್ದು ರೆಸೊನೆನ್ಸ್ ಸುಮಾರು 150 ಮೆಗಾಹರ್ಟ್ಸ್ ಮೇಲಕ್ಕೆ ಹೋಗತ್ತೆ, ಬ್ಯಾಂಡಿನ ಎರಡರಷ್ಟು. ಮನೇಲಿ ಫೆರಿಕ್ ಕ್ಲೋರೈಡಲ್ಲಿ ಎಚ್ ಮಾಡೋ ಕೆಲ್ಸ ಅಲ್ಲ ಇದು. ಎಫ್‌ಆರ್4ನ ಎಪ್ಸಿಲಾನೇ (ಅಳತೆ ಎಲ್ಲಾ ನಿಂತಿರೋ ಡೈಎಲೆಕ್ಟ್ರಿಕ್ ಸ್ಥಿರಾಂಕ) ಲಾಟಿಂದ ಲಾಟಿಗೆ ಬದಲಾಗತ್ತೆ, ಲಾಸ್ ಟ್ಯಾಂಜೆಂಟ್ (ಬೋರ್ಡ್ ಎಷ್ಟು ಸಿಗ್ನಲ್ ನುಂಗತ್ತೆ ಅನ್ನೋ ಅಳತೆ) ಬೇರೆ 0.02. ದುಡ್ಡಿದ್ರೆ ರೋಜರ್ಸ್ 4003ಸಿ ಅನ್ನೋ ಕಡಿಮೆ ಲಾಸ್ ಬೋರ್ಡ್ ತಗೊಳ್ಳಿ, ಅದರದ್ದು 0.0027, ಆದ್ರೆ ಅಳತೆ ಎಲ್ಲಾ ಮತ್ತೆ ಹಾಕ್ಬೇಕು.

ಒಂದೇ ಮಶ್ರೂಮ್ ಸೆಲ್‌ನ ಪೀರಿಯಾಡಿಕ್ ಬೌಂಡರಿಯಲ್ಲಿ (ಅದೇ ಸೆಲ್ ಎಲ್ಲಾ ಕಡೆ ಮರುಕಳಿಸತ್ತೆ ಅನ್ನೋ ಸಿಮ್ಯುಲೇಶನ್ನಲ್ಲಿ) ನೋಡಿ ನಂಬ್ಬಿಡ್ಬೇಡಿ, ಅದು ಅನಂತ ಸಾಲಿನ ಲೆಕ್ಕ, ನಿಮ್ದು ಮೂರೇ ಸಾಲು. ಓಪನ್‌ಇಎಂಎಸ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರಲ್ಲಿ ಪೂರ್ತಿ ಬೋರ್ಡ್ ರನ್ ಮಾಡಿ ಎಸ್21 (ಒಂದು ಕಾಲಮಿಂದ ಇನ್ನೊಂದಕ್ಕೆ ಸೋರೋ ಸಿಗ್ನಲ್) ನೋಡಿ. ಅಳೆಯೋಕೆ ಮಾಮೂಲಿ ನ್ಯಾನೋವಿಎನ್‌ಎ (ಆಂಟೆನಾ ಅಳೆಯೋ ಕೈಯಳತೆಯ ಸಾಧನ) ಈ ಫ್ರೀಕ್ವೆನ್ಸಿಗೆ ಮುಟ್ಟಲ್ಲ, ಲೈಟ್‌ವಿಎನ್‌ಎ 6.3 ಗಿಗಾಹರ್ಟ್ಸ್ ತನಕ ಹೋಗತ್ತೆ. ಆರ್‌ಜಿ174 ಅನ್ನೋ ತೆಳ್ಳನೆ ಆಂಟೆನಾ ಕೇಬಲ್ ಬೇಡ್ವೇ ಬೇಡ, ಮೀಟರಿಗೆ ಹತ್ತಿರ ಹತ್ತಿರ 3 ಡಿಬಿ ತಿನ್ನತ್ತೆ, ಅರ್ಧ ಪವರ್ ಅಲ್ಲೇ ಖಾಲಿ.

ಬೋರ್ಡ್ ನಿಲ್ಲಿಸಿದ ಮೇಲೆ ಅಡ್ಡ ಕಟ್ ಪ್ಯಾಟರ್ನು, ಎಸ್11 (ಆಂಟೆನಾದಿಂದ ವಾಪಸ್ ಬರೋ ಸಿಗ್ನಲ್), ಎಸ್21 ಮೂರೂ ಇಲ್ಲೇ ಹಾಕಿ, ಗರ್ಬರ್ (ಬೋರ್ಡ್ ಮಾಡೋರಿಗೆ ಕೊಡೋ ಫೈಲು) ಆಮೇಲೆ ನೋಡೋಣ.