ಎರಡು ಭಾಷೆಗಳ ನಡುವಿನ ಒಂದು ‘ಇಲ್ಲ’

ಕಾಸರಗೋಡಿನವರು ಕೇರಳದಲ್ಲೇ ಹುಟ್ಟಿ ಬೆಳೆದವರು, ಆಸ್ಪತ್ರೆಯಲ್ಲಿ ಅವರಿಗೆ ಭಾಷೆಯ ತೊಂದರೆ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ. ಬೆಂಗಳೂರಿನಿಂದ ನೋಡುವಾಗ ಹಾಗೆ ಅನಿಸುವುದು ಸಹಜ. ನಮ್ಮ ಊರು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನನ್ನ ವಯಸ್ಸಿನವರು ಬಸ್ಸಿನಲ್ಲಿ, ಪೇಟೆಯಲ್ಲಿ, ಪಂಚಾಯತ್ ಕಚೇರಿಯಲ್ಲಿ ಸಲೀಸಾಗಿ ಮಲಯಾಳ ಆಡುತ್ತೇವೆ. ಆದರೆ ಎಣ್ಮಕಜೆ, ಪೈವಳಿಕೆ, ವರ್ಕಾಡಿ ಕಡೆಯ ಹಳಬರಲ್ಲಿ, ಅದರಲ್ಲೂ ಮನೆ, ತೋಟ ಬಿಟ್ಟು ಹೆಚ್ಚು ಹೊರಗೆ ಹೋಗದ ಹೆಂಗಸರಲ್ಲಿ, ತುಳು, ಕನ್ನಡ ಬಿಟ್ಟು ಬೇರೆ ಮಾತು ಬಾರದವರು ಇಂದಿಗೂ ಇದ್ದಾರೆ.

ನನ್ನ ದೊಡ್ಡಮ್ಮ ಅಂಥವರಲ್ಲಿ ಒಬ್ಬರು. ಒಂದು ಬೆಳಿಗ್ಗೆ ಬೆವರಿ ಸುಸ್ತಾದರೆಂದು ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ನಾನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಾಗ ಒಳಗೆ ವೈದ್ಯರು “ನೆಂಜುವೇದನ ಉಂಡೋ?” ಎಂದು ಕೇಳಿದ್ದಾರೆ. ಮಲಯಾಳದಲ್ಲಿ ನೆಂಜು ಎಂದರೆ ಎದೆ. ದೊಡ್ಡಮ್ಮನ ಕಿವಿಗೆ ಅದು ‘ನಂಜು’ ಎಂದು ಬಿತ್ತು. ಕಾಲಿನಲ್ಲಿ ಒಂದು ಗಾಯ ಮಾಯದೆ ಉಳಿದಿತ್ತು. ಗಾಯಕ್ಕೆ ಬದನೆ ನಂಜು ಎಂದು ನಮ್ಮಲ್ಲಿ ತಿನ್ನುವುದಿಲ್ಲ. ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡು, “ಇಲ್ಲ, ಬದನೆ ಬಿಟ್ಟು ಒಂದು ವಾರವಾಯಿತು” ಎಂದರು. ‘ಇಲ್ಲ’ ಎಂಬುದು ಎರಡೂ ಭಾಷೆಗಳಲ್ಲಿ ಒಂದೇ. ವೈದ್ಯರಿಗೆ ಅರ್ಥವಾದದ್ದು ಅಷ್ಟೇ. ಎದೆನೋವು ಇಲ್ಲ ಎಂದು ಬರೆದುಕೊಂಡರು.

ಪಕ್ಕದಲ್ಲಿದ್ದ ನರ್ಸ್ ಮಂಜೇಶ್ವರದ ಕಡೆಯ ಹುಡುಗಿ. ಬದನೆಯ ಮಾತು ಕೇಳಿ ಅವಳಿಗೆ ಸಂಶಯ ಬಂತು. “ತಿಗಲೆ ಬೇನೆ ಆಪುಂಡಾ ಅಮ್ಮಾ?” ಎಂದು, ಎದೆ ನೋಯುತ್ತಿದೆಯಾ ಎಂಬುದನ್ನು ತುಳುವಿನಲ್ಲಿ ಕೇಳಿದಳು. ಆಗ ದೊಡ್ಡಮ್ಮ, ನೋವಲ್ಲ, ಎದೆಯ ಮೇಲೆ ಕಡೆಯುವ ಕಲ್ಲು ಇಟ್ಟ ಹಾಗಾಗುತ್ತಿದೆ ಎಂದರು. ಇಸಿಜಿ ಮಾಡಿಸಿದ್ದು ಆ ಮಾತಿನ ಮೇಲೆ. ಅವಳು ಅಲ್ಲಿ ಇರದಿದ್ದರೆ ಎಂದು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಪೂರ್ತಿ ಬೇರೆಯಾದ ಭಾಷೆಗಿಂತ ಅರ್ಧ ಪರಿಚಿತವಾದ ಭಾಷೆ ಹೆಚ್ಚು ಅಪಾಯ ಎಂಬುದು ನನ್ನ ಅನುಭವ. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ಮಲಯಾಳದ ‘ಉಚ್ಚ’ ಎಂದರೆ ಮಧ್ಯಾಹ್ನ, ನಮ್ಮ ಕಿವಿಗೆ ಅದು ಉಚ್ಚೆ. ಮಧ್ಯಾಹ್ನದ ಮಾತ್ರೆಯನ್ನು ಮೂತ್ರದ ತೊಂದರೆಗೆ ಕೊಟ್ಟದ್ದೆಂದು ತಿಳಿದವರನ್ನು ನಾನು ಕಂಡಿದ್ದೇನೆ. ಏನೂ ತಿಳಿಯದಿದ್ದರೆ ಮನುಷ್ಯ ಮತ್ತೊಮ್ಮೆ ಕೇಳುತ್ತಾನೆ. ತಿಳಿಯಿತು ಎಂದುಕೊಂಡರೆ ತಲೆಯಾಡಿಸಿ ಮನೆಗೆ ಬರುತ್ತಾನೆ.

ಪದಕ್ಕೆ ಪದ ಸಿಕ್ಕಿದರೂ ಮುಗಿಯುವುದಿಲ್ಲ. ನಮ್ಮಲ್ಲಿ ‘ಉಷ್ಣವಾಗಿದೆ’ ಎಂದರೆ ಬಾಯಿಹುಣ್ಣು ಇರಬಹುದು, ಉರಿಮೂತ್ರ ಇರಬಹುದು. ಸರ್ಪಸುತ್ತು ಎದ್ದರೆ ಮೊದಲು ಹೋಗುವುದು ಊರಿನಲ್ಲಿ ಮದ್ದು ಕೊಡುವವರ ಹತ್ತಿರ. ವೈದ್ಯರು ಗದರಿಸುತ್ತಾರೆಂಬ ಭಯಕ್ಕೆ ಅದನ್ನು ಆಮೇಲೆ ಹೇಳುವುದೂ ಇಲ್ಲ.

ಪಡ್ರೆಯ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಅವರನ್ನು ಇಲ್ಲಿ ನೆನೆಯಲೇಬೇಕು. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ, ಸುತ್ತಲಿನ ಮನೆಗಳ ಕಾಯಿಲೆಗಳು ಸಹಜವಲ್ಲ ಎಂದು ಮೊದಲೇ ಗುರುತಿಸಿದ ವೈದ್ಯರು ಅವರು. ಹಳ್ಳಿಯಲ್ಲೇ ಇದ್ದು, ಜನರ ಮಾತನ್ನು ಅವರದೇ ನುಡಿಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ ಮಾತ್ರ ಅದು ಕಾಣಲು ಸಾಧ್ಯವಿತ್ತು ಎಂದು ನಾನು ನಂಬುತ್ತೇನೆ.

ಮಂಗಳೂರಿಗೆ ಹೋಗಬಹುದಲ್ಲ ಎನ್ನುತ್ತೀರಿ. ಹೋಗುತ್ತೇವೆ. ದೇರಳಕಟ್ಟೆಯ ಆಸ್ಪತ್ರೆಗಳು ಗಡಿಯ ತಲಪಾಡಿ ದಾಟಿದರೆ ಹತ್ತಿರ, ಅಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತವೆ. ಆದರೆ 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿ, ರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸ್‌ಗಳೂ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ನಮ್ಮವರು ಸತ್ತರು. ಆ ಬಾಗಿಲನ್ನೇ ನಂಬಿಕೊಂಡು ಇರಲಾಗದೆಂದು ಅಂದು ಗೊತ್ತಾಯಿತು.

ಹಾಗಾಗಿ ದಕ್ಷಿಣದ ಜಿಲ್ಲೆಗಳಿಂದ ಇಲ್ಲಿಗೆ ವರ್ಗವಾಗಿ ಬರುವ ವೈದ್ಯರಲ್ಲಿ ನನ್ನದೊಂದು ಬೇಡಿಕೆ: ‘ಇಲ್ಲ’ ಎಂದ ಕೂಡಲೇ ಬರೆದುಕೊಳ್ಳಬೇಡಿ, ಎಲ್ಲಿ ಎಂದು ಕೈಯಿಂದ ತೋರಿಸಲು ಹೇಳಿ. ಮಾತ್ರೆಯ ಹೊತ್ತನ್ನು ರೋಗಿಯಿಂದಲೇ ಮತ್ತೊಮ್ಮೆ ಹೇಳಿಸಿ. ತುಳು ಬಲ್ಲ ಆಶಾ ಕಾರ್ಯಕರ್ತೆಯೋ ನರ್ಸೋ ಇದ್ದರೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಹೆಂಗಸರ ಕಾಯಿಲೆಯನ್ನು ಮಾತ್ರ ಮಗನ ಬಾಯಿಂದ ಕೇಳಬೇಡಿ. ಅವನ ಎದುರು ಅಮ್ಮ ಎಲ್ಲವನ್ನೂ ಹೇಳುವುದಿಲ್ಲ.

ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ. ಪ್ರತಿ ಸಲ ಹೋಗುವ ಮೊದಲು ಅವರ ಮಾತನ್ನು ಅವರು ಹೇಳಿದ ಹಾಗೆಯೇ ಮಲಯಾಳ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಬರೆದುಕೊಡುತ್ತೇನೆ. ಕಳೆದ ಸಲ ಹೊಸ ವೈದ್ಯೆಯೊಬ್ಬರು ಆ ಚೀಟಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, “ಕಡೆಯುವ ಕಲ್ಲು ಈಗ ಉಂಟಾ ಅಮ್ಮಾ?” ಎಂದು ಕೇಳಿದರು. ದೊಡ್ಡಮ್ಮ ಎದೆ ಮುಟ್ಟಿಕೊಂಡು, ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ಎಂದರು.