ನಿಂಬೆ ಸಿಪ್ಪೆಯ ಮೇಲೆ ಕುಳಿ

ಪ್ರಶ್ನೆ: ಕೊಯ್ದಾಗ ಚೆನ್ನಾಗಿದ್ದ ನಿಂಬೆಗೆ ಮೂರೇ ದಿನದಲ್ಲಿ ಕಂದು ಕುಳಿ ಬೀಳುತ್ತಿವೆ. ಕಜ್ಜಿ ರೋಗವೇ? ಏನು ಸಿಂಪಡಿಸಲಿ?
– ಓದುಗರು, ಇಂಡಿ

ಉತ್ತರ: ದಯವಿಟ್ಟು ಔಷಧಿಗೆ ದುಡ್ಡು ಹಾಕಬೇಡಿ. ಕಜ್ಜಿಯ ಕಲೆ ಉಬ್ಬಿ ಒರಟಾಗಿರುತ್ತದೆ, ಮರದಲ್ಲೇ ಕಾಣುತ್ತದೆ. ನಿಮ್ಮದು ತಗ್ಗು. ಭೂತಗನ್ನಡಿ ಹಿಡಿದು ನೋಡಿ: ಎಣ್ಣೆಯ ಗ್ರಂಥಿಗಳು ಗುಳ್ಳೆಯಂತೆ ಎದ್ದು, ನಡುವಿನ ಸಿಪ್ಪೆ ಕುಸಿದಿದ್ದರೆ ಅದು ಎಣ್ಣೆಯಿಂದ ಸುಟ್ಟ ಗಾಯ. ಇಬ್ಬನಿ ಬಿದ್ದಾಗ, ಮಳೆ ಬಂದ ಮರುದಿನ ಬೆಳಗ್ಗೆ ಸಿಪ್ಪೆ ನೀರುಂಡು ಬಿಗಿದಿರುತ್ತದೆ. ಬೆರಳು ಒತ್ತಿದರೂ ಗ್ರಂಥಿ ಒಡೆದು, ಸೋರಿದ ಎಣ್ಣೆ ಸುತ್ತಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಬಿಸಿಲೇರಿ ಹಣ್ಣು ಪೂರ್ತಿ ಒಣಗಿದ ಮೇಲೆಯೇ ಕೊಯ್ಯಿರಿ. ಎಳೆಯದೆ ಕತ್ತರಿಯಲ್ಲಿ ತೊಟ್ಟು ಕತ್ತರಿಸಿ, ಬುಟ್ಟಿಗೆ ಎಸೆಯಬೇಡಿ. ಒಂದು ದಿನ ನೆರಳಲ್ಲಿ ಹರಡಿ, ಆಮೇಲೆ ಚೀಲಕ್ಕೆ ತುಂಬಿ. ಶೀತಲಗೃಹದಲ್ಲಿ 7–8 ಡಿಗ್ರಿಗಿಂತ ಕೆಳಗೆ ಬಹುದಿನ ಇಟ್ಟರೂ ಇಂಥದೇ ಕುಳಿ ಬೀಳುತ್ತವೆ.